ಬೇಲಿ ದಾಟಿದ ದಾಸವಾಳ

ಆಗಸ್ಟ್ 30 ಬಂತೆಂದರೆ ನಮ್ಮ ಬೇಲಿಯಲ್ಲಿ ದಾಸವಾಳ ಉಳಿಯುವುದಿಲ್ಲ. ಬೆಳಗ್ಗೆ ಆರಕ್ಕೇ ನೆರೆಮನೆಯ ಮಕ್ಕಳು ಬುಟ್ಟಿ ಹಿಡಿದು ಹಾಜರು. ಕೇಪಳ, ರಥಹೂ, ಕರ್ಣಕುಂಡಲ, ಗೊಂಡೆ, ಸಿಕ್ಕಿದ್ದೆಲ್ಲ ಇಗರ್ಜಿಯ ಬಾಲಮರಿಯಮ್ಮನಿಗೆ. ಒಂಬತ್ತು ದಿನ ನೊವೇನಾ ಪ್ರಾರ್ಥನೆ, ಸೆಪ್ಟೆಂಬರ್ 8ಕ್ಕೆ ಮರಿಯಮ್ಮ ಹುಟ್ಟಿದ ದಿನದ ಮೊಂತಿ ಹಬ್ಬ. ಅಂಗಡಿಯಿಂದ ಜರ್ಬೆರಾ ತಂದು ಕೊಡುವ ಅಪ್ಪ ಅಮ್ಮಂದಿರೂ ಈಗ ಇದ್ದಾರೆ. ನನಗದು ಹಿಡಿಸದು.

ಹೂವಿನಿಂದ ತೋಟದ ಮಾತಿಗೆ ಬಂದರೆ, ಇಗರ್ಜಿಯ ಕೂಟವನ್ನು ತೋಟಕ್ಕೆ ಹೋಲಿಸುವ ಪ್ರವಚನಕಾರರಿಗೆ ಯೊವಾನ್ನನ ಶುಭಸಂದೇಶದ ದ್ರಾಕ್ಷಿಬಳ್ಳಿಯ ಮೇಲೆ ಪ್ರೀತಿ. ಅಲ್ಲಿ ಫಲ ಕೊಡದ ಕವಲಿಗೆ ಕತ್ತಿಯೇ ಗತಿ. ಮಣ್ಣು ಮುಟ್ಟಿದ ನನಗೆ ಲೂಕನ ಅಂಜೂರವೇ ಹತ್ತಿರ. ಮೂರು ವರ್ಷ ಕಾದು ಬೇಸತ್ತ ಒಡೆಯ ಮರ ಕಡಿ ಅನ್ನುತ್ತಾನೆ. ಮಾಲಿ ಇನ್ನೊಂದು ವರ್ಷ ಕೇಳಿಕೊಳ್ಳುತ್ತಾನೆ, ಬುಡ ಅಗೆದು ಗೊಬ್ಬರ ಹಾಕುತ್ತೇನೆ ಅನ್ನುತ್ತಾನೆ. ಮರ ಕಾಯಿ ಬಿಟ್ಟಿತೋ ಇಲ್ಲವೋ, ಕಥೆ ಹೇಳುವುದಿಲ್ಲ. ಗೊಬ್ಬರ ಹೊತ್ತವರಿಗೆಲ್ಲ ಆ ಅನುಮಾನ ಗೊತ್ತು. ನಮ್ಮ ಕಡೆ ಆ ಮಾಲಿಗೆ ಗುರಿಕಾರ ಅನ್ನುತ್ತಾರೆ. ಪೂಜೆಗೆ ಬರುವುದು ಬಿಟ್ಟವರ ಮನೆಯಲ್ಲಿ ಚಹಾ ಕುಡಿಯುವುದು, ಅಣ್ಣತಮ್ಮಂದಿರ ಗಡಿಜಗಳಕ್ಕೆ ಮಧ್ಯೆ ಕೂರುವುದು, ಎಲ್ಲ ಆ ವಾಡೊದ, ಅಂದರೆ ಕೇರಿಯ, ಗುರಿಕಾರರ ಪಾಲಿನದು.

ಮೊಂತಿ ಹಬ್ಬಕ್ಕೆ ಹೂವಿಗಿಂತ ಮುಖ್ಯವಾದದ್ದು ಹೊಸ ಭತ್ತದ ತೆನೆ. 1763ರಲ್ಲಿ ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಫಾದರ್ ಜೋಕಿಂ ಮಿರಾಂದ ಈ ಹಬ್ಬ ಶುರುಮಾಡಿದರೆನ್ನುತ್ತಾರೆ. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಬೇರುಸಹಿತ ಕಿತ್ತು ಶ್ರೀರಂಗಪಟ್ಟಣಕ್ಕೆ ಒಯ್ದ. 1799ರ ನಂತರ ಬದುಕುಳಿದವರು ಮರಳಿ ಬಂದು ಮತ್ತೆ ನೆಟ್ಟುಕೊಂಡರು. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ತೆನೆ ಮನೆಮನೆಗೆ ಹೋಗುತ್ತದೆ. ಸುಲಿದ ಕಾಳು ಪುಡಿಯಾಗಿ ಹಾಲಿಗೋ ಪಾಯಸಕ್ಕೋ ಬೀಳುತ್ತದೆ, ಬಾಳೆಲೆಯಲ್ಲಿ ಅಂದು ಮೀನಿಲ್ಲ, ಬರೀ ತರಕಾರಿ. ಪರದೇಶದ ಮಕ್ಕಳಿಗೆ ಒಣಗಿದ ತೆನೆ ಲಕೋಟೆಯಲ್ಲಿ ಹೋಗುವುದೂ ಉಂಟು.

ಕಷ್ಟವೆಂದರೆ, ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ ಕೊಯ್ಲಿಗೆ ಬರುವುದು. 8ಕ್ಕೇ ತೆನೆ ಬಾಗಬೇಕಾದರೆ ಯಾರೋ ಒಬ್ಬರು ಮೊದಲ ಮಳೆಗೇ, ಬೇಗ ಬರುವ ತಳಿ ಹುಡುಕಿ ಬಿತ್ತಿರಬೇಕು. ಹಬ್ಬದ ದಿನ ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ಗದ್ದೆಗಳೆಲ್ಲ ಅಡಿಕೆತೋಟವೋ ಸೈಟೋ ಆದ ಮೇಲಂತೂ ಅಂಥವರನ್ನು ಹುಡುಕುವುದೇ ಗುರಿಕಾರರಿಗೊಂದು ಕೆಲಸ.

ಈ ಸಲ ಅವರಿಗೆ ಯಾರೂ ಸಿಗಲಿಲ್ಲ. ಇಗರ್ಜಿಯ ಹಿತ್ತಲಲ್ಲಿ ಹಳೆ ಗೋಣಿಚೀಲಗಳಿಗೆ ಗದ್ದೆಮಣ್ಣು ತುಂಬಿ ತಾವೇ ಭತ್ತ ಹಾಕಿದ್ದಾರೆ. ಮೊನ್ನೆ ನೋಡಲು ಹೋದೆ. ಹಾಲುಗಾಳು ಕಟ್ಟುತ್ತಿತ್ತು. ನವಿಲಿನ ಕಾಟಕ್ಕೆ ಸುತ್ತಲೂ ಸೀರೆ ಬಿಗಿದಿದ್ದರು.

"ಸೀರೆ ಯಾರದು ಮಾರಾಯ್ರೆ?" ಅಂದೆ.

"ನಿಮ್ಮ ಮನೆಯವರೇ ಕೊಟ್ಟದ್ದಲ್ವಾ?" ಅಂದರು.