ಬೂ ಎಂಬ ಸದ್ದಿನ ಚರಿತ್ರೆ

ರಿಕನ್ಸಿಲಿಯೇಶನ್ ಎಂಬ ಇಂಗ್ಲಿಶ್ ಪದಕ್ಕೆ ಕನ್ನಡದಲ್ಲಿ ಏನನ್ನಬೇಕು ಎಂದು ಹುಡುಕಿದರೆ ಮೊದಲು ಕೈಗೆ ಸಿಗುವುದು 'ರಾಜಿ'. ಅರಬ್ಬಿಯಲ್ಲಿ ಹುಟ್ಟಿ, ಪಾರಸಿ ಉರ್ದುಗಳ ಹಾದಿಯಲ್ಲಿ ನಮ್ಮ ತಾಲ್ಲೂಕು ಕಚೇರಿಗೆ ಬಂದು ಸೇರಿದ ಪದವಿದು. ಉರ್ದುವಿನಲ್ಲಿ ರಾಜಿ ಎಂದರೆ ಮನಸಾರೆ ಒಪ್ಪಿದವನು, ತೃಪ್ತನಾದವನು. ನಿಕಾಹ್‌ನ ಹೊತ್ತಿನಲ್ಲಿ ಹೆಣ್ಣನ್ನು ಕೇಳುವುದು ಇದನ್ನೇ. ನಮ್ಮ ಊರುಗಳಲ್ಲಿ ಅದರ ಅರ್ಥ ಬೇರೆಯಾಗಿದೆ. ಹೊಡೆದವನೂ ಹೊಡೆಸಿಕೊಂಡವನೂ ಠಾಣೆಯಲ್ಲಿ ಎದುರುಬದುರು ಕೂತು, ಕಡೆಗೆ ಹೊಡೆಸಿಕೊಂಡವನು ಕೇಸು ವಾಪಸ್ಸು ಪಡೆಯುವುದಕ್ಕೆ ನಾವು ರಾಜಿ ಎನ್ನುತ್ತೇವೆ. ಸಾಮರಸ್ಯ, ಸೌಹಾರ್ದ ಎಂಬ ಪದಗಳೂ ಇವೆ. ಆದರೆ ಅವು ಭಾಷಣದಲ್ಲಿ ಸವೆದುಹೋಗಿವೆ.

ಆಸ್ಟ್ರೇಲಿಯಾದಲ್ಲಿ ಈ ಪದಕ್ಕೆ ಸರ್ಕಾರಿ ಮುದ್ರೆಯಿದೆ. ಪ್ರತಿವರ್ಷ ಮೇ 27ರಿಂದ ಜೂನ್ 3ರವರೆಗೆ ಅಲ್ಲಿ ರಿಕನ್ಸಿಲಿಯೇಶನ್ ಸಪ್ತಾಹ. ತಾರೀಖುಗಳು ಸುಮ್ಮನೆ ಆರಿಸಿದವಲ್ಲ. 1967ರ ಮೇ 27ರ ಜನಮತಗಣನೆಯಲ್ಲಿ ಶೇ. 90ಕ್ಕೂ ಹೆಚ್ಚು ಮತದಾರರು ಮೂಲನಿವಾಸಿಗಳನ್ನು ದೇಶದ ಜನಸಂಖ್ಯೆಯ ಲೆಕ್ಕದೊಳಗೆ ಸೇರಿಸಲು ಒಪ್ಪಿದರು. 1992ರ ಜೂನ್ 3ರಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯ ಮಾಬೊ ಮೊಕದ್ದಮೆಯಲ್ಲಿ, ಬ್ರಿಟಿಷರು ಕಾಲಿಡುವ ಮುಂಚೆ ಆ ನೆಲಕ್ಕೆ ವಾರಸುದಾರರೇ ಇರಲಿಲ್ಲ ಎಂಬ ಎರಡು ಶತಮಾನದ ಕಟ್ಟುಕತೆಯನ್ನು ತಳ್ಳಿಹಾಕಿತು. ಸಪ್ತಾಹದ ಹಿಂದಿನ ದಿನ, ಮೇ 26, ತಾಯಂದಿರಿಂದ ಕಿತ್ತೊಯ್ದ ಮೂಲನಿವಾಸಿ ಮಕ್ಕಳ ನೆನಪಿನ 'ಕ್ಷಮೆಯ ದಿನ'. ಅದು 1998ರಲ್ಲಿ ಶುರುವಾಯಿತು. ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ಇನ್ನೂ ಹತ್ತು ವರ್ಷಕ್ಕೆ, 2008ರಲ್ಲಿ.

ಮೆಲ್ಬರ್ನಿನಲ್ಲಿರುವ ನನ್ನ ತಂಗಿಯ ಮಗ ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಓದುತ್ತಾನೆ. ಈ ವಾರದಲ್ಲಿ ಅವನ ಶಾಲೆಯಲ್ಲಿ ಏನೇನು ನಡೆಯುತ್ತದೆ ಎಂದು ಫೋನಿನಲ್ಲಿ ಕೇಳಿದೆ. ಬೆಳಗಿನ ಅಸೆಂಬ್ಲಿಯಲ್ಲಿ ಈ ನೆಲದ ಮೂಲ ಒಡೆಯರಿಗೆ ಗೌರವ ಸಲ್ಲಿಸುವ ನಾಲ್ಕು ಸಾಲು ಓದುತ್ತಾರೆ. ಕಪ್ಪು, ಕೆಂಪು, ಹಳದಿಯ ಧ್ವಜ ಏರಿಸುತ್ತಾರೆ. ಮಧ್ಯಾಹ್ನ ಫುಟ್ಬಾಲ್ ಪಂದ್ಯ. "ಮಾಮು, ನಾವು ಚುಕ್ಕಿ ಚುಕ್ಕಿ ಇಟ್ಟು ಚಿತ್ರಾನೂ ಬಿಡಿಸಿದ್ವಿ" ಎಂದ. ಆ ಚುಕ್ಕಿ ಚಿತ್ರದ ಶೈಲಿ ದೂರದ ಮರುಭೂಮಿಯ ಪಪುನ್ಯಾದಲ್ಲಿ 1970ರ ದಶಕದಲ್ಲಿ ಬೆಳೆದದ್ದು. ಮೆಲ್ಬರ್ನಿನ ನೆಲದವರದಲ್ಲ. ಬೀದರಿನ ಶಾಲೆಯಲ್ಲಿ ಸ್ಥಳೀಯ ಕಲೆಯೆಂದು ಯಕ್ಷಗಾನದ ಕಿರೀಟ ಮಾಡಿಸಿದ ಹಾಗೆ ಇದು. ಮಕ್ಕಳ ತಪ್ಪೇನೂ ಇಲ್ಲ. ಮಾಡಿಸುವವರು ವಿಚಾರಿಸಬೇಕಿತ್ತು.

ಇಂಥ ಶಾಲೆಗಳಿಗೆಂದೇ ಉಚಿತವಾಗಿ ಕೊಟ್ಟ ಒಂದು ಚಿತ್ರದ ಬಗ್ಗೆ ಇಲ್ಲಿ ಬರೆಯಬೇಕು. ಇಯಾನ್ ಡಾರ್ಲಿಂಗ್ ನಿರ್ದೇಶನದ 'ದಿ ಫೈನಲ್ ಕ್ವಾರ್ಟರ್', 2019ರದು, 75 ನಿಮಿಷದ ಸಾಕ್ಷ್ಯಚಿತ್ರ. ಪಾಠದ ಸಾಮಗ್ರಿಯ ಸಮೇತ ಅದನ್ನು ಅಲ್ಲಿನ ಶಾಲೆಗಳಿಗೂ ಕ್ರೀಡಾ ಕ್ಲಬ್ಬುಗಳಿಗೂ ನೀಡಲಾಯಿತು. ವಸ್ತು, ಆ್ಯಡಂ ಗುಡ್ಸ್ ಎಂಬ ಫುಟ್ಬಾಲ್ ಆಟಗಾರನ ಕೊನೆಯ ಮೂರು ವರ್ಷಗಳು. ಅಲ್ಲಿನ ಫುಟ್ಬಾಲ್ ನಮಗೆ ಗೊತ್ತಿರುವುದಲ್ಲ. ಮೊಟ್ಟೆಯಾಕಾರದ ಚೆಂಡು, ಅಂಡಾಕಾರದ ಮೈದಾನ, ಒಂದು ಪಂದ್ಯಕ್ಕೆ ನಾಲ್ಕು ಕಾಲುಭಾಗ. ಗುಡ್ಸ್ ಸಿಡ್ನಿ ತಂಡಕ್ಕೆ 372 ಪಂದ್ಯ ಆಡಿದವರು. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನು 2003 ಮತ್ತು 2006ರಲ್ಲಿ ಪಡೆದವರು. ಅವರ ತಾಯಿಯನ್ನು ಎಳೆ ವಯಸ್ಸಿನಲ್ಲೇ ಹೆತ್ತವರಿಂದ ಕಿತ್ತೊಯ್ದಿದ್ದರು.

2013ರ ಮೇ 24ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಕಾಲಿಂಗ್‌ವುಡ್ ವಿರುದ್ಧ ಪಂದ್ಯ. ಮೂಲನಿವಾಸಿಗಳನ್ನು ಗೌರವಿಸಲೆಂದೇ ಮೀಸಲಾದ ಸುತ್ತು ಅದು. ಪಂದ್ಯ ಮುಗಿಯುವ ಹೊತ್ತಿಗೆ ಬೇಲಿಯಾಚೆಯಿಂದ ಒಂದು ದನಿ ಗುಡ್ಸ್‌ರನ್ನು ವಾನರ ಎಂದಿತು. ತಿರುಗಿ ನೋಡಿ, ಬೆರಳು ತೋರಿಸಿ, ಹೊರಗೆ ಕಳಿಸಿ ಎಂದರು. ಬೆರಳಿನ ತುದಿಯಲ್ಲಿ ಇದ್ದದ್ದು 13 ವರ್ಷದ ಹುಡುಗಿ. ಮರುದಿನ ಗುಡ್ಸ್ ಪತ್ರಕರ್ತರೆದುರು ಕೂತು, ಅವಳನ್ನು ದೂರಬೇಡಿ, ಅವಳಿಗೆ ಬೆಂಬಲ ಬೇಕು, ತಿಳಿವಳಿಕೆ ಬೇಕು ಎಂಬರ್ಥದ ಮಾತಾಡಿದರು. ಹುಡುಗಿ ಫೋನ್ ಮಾಡಿ ಕ್ಷಮೆ ಕೇಳಿದಳು. ಆ ರಾತ್ರಿ ಸಿಡ್ನಿ ತಂಡದ ಕೋಣೆಗೆ ಓಡಿ ಬಂದು ಕ್ಷಮೆ ಕೇಳಿದವರು ಕಾಲಿಂಗ್‌ವುಡ್ ಅಧ್ಯಕ್ಷ ಎಡ್ಡಿ ಮೆಗ್ವಾಯರ್. ಐದು ದಿನ ಕಳೆದ ಮೇಲೆ ಇದೇ ಮೆಗ್ವಾಯರ್ ರೇಡಿಯೋದಲ್ಲಿ, ಕಿಂಗ್ ಕಾಂಗ್ ನಾಟಕದ ಪ್ರಚಾರಕ್ಕೆ ಗುಡ್ಸ್‌ರನ್ನು ಬಳಸಬಹುದು ಎಂಬ ಅರ್ಥದ ತಮಾಷೆ ಮಾಡಿದರು. ಕತೆಗಾರನೊಬ್ಬ ಹೀಗೆ ಬರೆದಿದ್ದರೆ ಕೃತಕವಾಯಿತು ಎಂದು ಸಂಪಾದಕರು ವಾಪಸ್ಸು ಕಳಿಸುತ್ತಿದ್ದರು.

2014ರಲ್ಲಿ ಗುಡ್ಸ್ ಅವರನ್ನು 'ವರ್ಷದ ಆಸ್ಟ್ರೇಲಿಯನ್' ಎಂದು ಗೌರವಿಸಲಾಯಿತು. ಆ ವೇದಿಕೆಯಿಂದ ಅವರು ಜನಾಂಗದ್ವೇಷದ ಬಗ್ಗೆ ಮಾತಾಡತೊಡಗಿದರು. ಅಷ್ಟಾದ ಮೇಲೆ ಮೈದಾನಗಳಲ್ಲಿ ಚೆಂಡು ಅವರ ಕೈಗೆ ಬಂದಾಗೆಲ್ಲ 'ಬೂ' ಎಂಬ ಸದ್ದು ಏಳತೊಡಗಿತು. ಒಂದು ಊರಿನಲ್ಲಲ್ಲ, ಊರೂರಿನಲ್ಲಿ.

ಡಾರ್ಲಿಂಗ್ ಈ ಚಿತ್ರಕ್ಕಾಗಿ ಒಂದೇ ಒಂದು ಹೊಸ ಸಂದರ್ಶನ ಮಾಡಿಲ್ಲ. ವಿವರಣೆಯ ದನಿಯೂ ಇಲ್ಲ. ಆ ಮೂರು ವರ್ಷ ಟೀವಿ, ರೇಡಿಯೋ, ಪತ್ರಿಕೆಗಳು ಆಡಿದ್ದನ್ನೇ ಜೋಡಿಸುತ್ತಾ ಹೋಗಿದ್ದಾರೆ. ಇದು ಚಿತ್ರದ ದೊಡ್ಡ ಬಲ. ಯಾರೂ ನಂತರ ಬಂದು, ನಾನು ಹಾಗೆ ಅಂದಿರಲಿಲ್ಲ ಎನ್ನುವಂತಿಲ್ಲ. ಆ್ಯಂಡ್ರ್ಯೂ ಬೋಲ್ಟ್, ಸ್ಯಾಮ್ ನ್ಯೂಮನ್, ಅಲನ್ ಜೋನ್ಸ್ ಮೊದಲಾದ ಹೆಸರಾಂತ ಮಾತುಗಾರರು ಕೋಟು ಟೈ ಹಾಕಿಕೊಂಡು ಕೂತು, ಜನ ಕೂಗುವುದು ಅವನ ಬಣ್ಣಕ್ಕಲ್ಲ, ಅವನ ನಡತೆಗೆ ಎಂದು ಬಗೆಬಗೆಯಾಗಿ ವಾದಿಸುತ್ತಾರೆ. ಒಬ್ಬರ ಮಾತು ಮುಗಿಯುವುದರೊಳಗೆ ಮತ್ತೆ ಮೈದಾನ, ಮತ್ತೆ ಅದೇ ಸದ್ದು. ಅರ್ಧ ಗಂಟೆಯ ಹೊತ್ತಿಗೆ ನನಗೆ ಟೀವಿಯ ದನಿ ತಗ್ಗಿಸಬೇಕು ಅನಿಸಿತು. ತಗ್ಗಿಸಲಿಲ್ಲ.

ಕತೆ ಬರೆಯುವವನಾಗಿ ನನ್ನನ್ನು ಹಿಡಿದದ್ದು ಆ ಸದ್ದು. ಬೈಗುಳದಲ್ಲಿ ಪದವಿರುತ್ತದೆ, ಪದಕ್ಕೆ ಒಡೆಯನಿರುತ್ತಾನೆ. ಹದಿಮೂರರ ಹುಡುಗಿ ಸಿಕ್ಕಿಬಿದ್ದದ್ದು ಅವಳು ಪದ ಬಳಸಿದ್ದರಿಂದ. ಬೂ ಎಂಬುದರಲ್ಲಿ ಪದವಿಲ್ಲ. ಮೂವತ್ತು ಸಾವಿರ ಜನ ಒಟ್ಟಿಗೆ ಕೂಗಿದರೆ ಒಬ್ಬನೂ ಕೂಗಿದಂತೆ ಆಗುವುದಿಲ್ಲ. 1995ರಲ್ಲೇ ಲೀಗು ಆಟಗಾರರ ಜನಾಂಗೀಯ ನಿಂದನೆಯ ವಿರುದ್ಧ ನಿಯಮ ಮಾಡಿತ್ತು. ಆ ನಿಯಮಕ್ಕೆ ಮಾತು ಬೇಕು, ಸಾಕ್ಷಿ ಬೇಕು. ಅಕ್ಷರವಿಲ್ಲದ ಸದ್ದಿನೆದುರು ಅದು ಕೈಚೆಲ್ಲಿ ಕೂತಿತು.

ಇದನ್ನು ಪರದೇಶದ ಕತೆಯೆಂದು ಓದಿ ಬದಿಗಿಡುವ ಹಾಗಿಲ್ಲ. 2007ರ ಅಕ್ಟೋಬರಿನಲ್ಲಿ ವಡೋದರ ಮತ್ತು ಮುಂಬೈಯ ಗ್ಯಾಲರಿಗಳಿಂದ ಆಸ್ಟ್ರೇಲಿಯಾದ ಕಪ್ಪು ಆಟಗಾರ ಆ್ಯಂಡ್ರ್ಯೂ ಸೈಮಂಡ್ಸ್‌ಗೆ ಕೋತಿಯ ಸದ್ದು ಮಾಡಿದವರು ನಮ್ಮವರೇ. 2021ರ ಜನವರಿಯಲ್ಲಿ ಸಿಡ್ನಿಯ ಟೆಸ್ಟಿನಲ್ಲಿ ಮಹಮ್ಮದ್ ಸಿರಾಜ್ ಗ್ಯಾಲರಿಯ ಕಡೆ ಕೈ ತೋರಿಸಿದಾಗ ಆಟ ನಿಂತಿತು, ಆರು ಪ್ರೇಕ್ಷಕರನ್ನು ಹೊರಗೆ ಕಳಿಸಿದರು. ಆಮೇಲೆ ತನಿಖೆ ನಡೆಸಿದ ಅಲ್ಲಿನ ಕ್ರಿಕೆಟ್ ಮಂಡಳಿ, ನಿಂದನೆ ನಡೆದದ್ದು ನಿಜ, ಆದರೆ ಅಂದವರು ಆ ಆರು ಜನರಲ್ಲ ಎಂದಿತು. ಮತ್ತೆ ಒಡೆಯನಿಲ್ಲದ ಸದ್ದು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾಕಿಸ್ತಾನದೆದುರು ಭಾರತ ಸೋತಾಗ ಮಹಮ್ಮದ್ ಶಮಿಯ ಮೇಲೆ ಸುರಿದ ಬೈಗುಳ ಓದುಗರಿಗೆ ನೆನಪಿರಬಹುದು. ಆಗ ನಾಯಕ ವಿರಾಟ್ ಕೊಹ್ಲಿ ನೇರವಾಗಿ ಶಮಿಯ ಪಕ್ಕ ನಿಂತು ಮಾತಾಡಿದರು. ಗುಡ್ಸ್ ವಿಷಯದಲ್ಲಿ ಲೀಗಿನ ಹಿರಿಯರಿಗೆ ಹಾಗೆ ಸ್ಪಷ್ಟವಾಗಿ ಮಾತಾಡಲು ಬಹಳ ಕಾಲ ಬಾಯಿ ಬರಲಿಲ್ಲ.

ನಾನು ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟಕ್ಕೆ ಕನ್ನಡ ಹೈಸ್ಕೂಲಿಗೆ ಸೇರಿದ್ದು 1993ರಲ್ಲಿ. ಆ ವರ್ಷ ದೇಶದ ಗಾಳಿ ಹೇಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ತಾಲ್ಲೂಕು ಮಟ್ಟದ ಕಬಡ್ಡಿಯಲ್ಲಿ ನಾನು ರೈಡಿಗೆ ಹೋದಾಗೆಲ್ಲ ಗೆರೆಯಾಚೆಯಿಂದ ಒಂದು ದೇಶದ ಹೆಸರು ಹಿಡಿದು ಕೂಗುತ್ತಿದ್ದರು. ಎದುರು ಶಾಲೆಯವರಷ್ಟೇ ಅಲ್ಲ, ನಮ್ಮ ಶಾಲೆಯ ಕೆಲವರೂ. ಪೀಟಿ ಮೇಷ್ಟ್ರು ಸೀಟಿ ಬಾಯಲ್ಲಿಟ್ಟುಕೊಂಡೇ ಇದ್ದರು, ಊದಲಿಲ್ಲ. ಗೆರೆ ತುಳಿದರೆ ಊದುವುದು ಅವರ ಕೆಲಸ, ಕೂಗಿದವರಿಗೆ ಊದಲು ನಿಯಮವೆಲ್ಲಿದೆ? ಅದೇ ವರ್ಷ ಏಪ್ರಿಲಿನಲ್ಲಿ ಮೆಲ್ಬರ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ನಿಕಿ ವಿನ್ಮಾರ್ ಎಂಬ ಮೂಲನಿವಾಸಿ ಆಟಗಾರ, ದಿನವಿಡೀ ಬೈದ ಕಾಲಿಂಗ್‌ವುಡ್ ಜನರೆದುರು ಅಂಗಿ ಎತ್ತಿ ತನ್ನ ಕಪ್ಪು ಚರ್ಮಕ್ಕೆ ಬೆರಳಿಟ್ಟು ತೋರಿಸಿದ್ದ. ಆ ಫೋಟೋ ನಾನು ನೋಡಿದ್ದು ಬಹಳ ವರ್ಷದ ಮೇಲೆ.

ಇನ್ನು ಚಿತ್ರದ ಬಗ್ಗೆ ನನ್ನ ತಕರಾರು. ತರಗತಿಯಲ್ಲಿ ಕೂತು ಇದನ್ನು ನೋಡುವ ಹುಡುಗ ಹುಡುಗಿಯರಿಗೆ ಇಲ್ಲಿ ಸಿಗುವ ಖಳರು ಟೀವಿಯ ಮುದುಕರು. ಅವರನ್ನು ನೋಡಿ ನಗಬಹುದು, ಸಿಟ್ಟಾಗಬಹುದು. ಅದು ಸುಲಭ. ಗ್ಯಾಲರಿಯಲ್ಲಿ ಕೂಗಿದವರು ಮಾತ್ರ ಕಡೆಯವರೆಗೂ ಒಂದು ಗುಂಪಾಗಿಯೇ ಉಳಿಯುತ್ತಾರೆ. ಅವರು ನೋಡುಗರ ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು, ಶನಿವಾರ ಮಗುವಿನ ಕೈ ಹಿಡಿದು ಮೈದಾನಕ್ಕೆ ಹೋದವರು. ಹಳೆಯ ತುಣುಕುಗಳಿಂದಷ್ಟೇ ಚಿತ್ರ ಕಟ್ಟುತ್ತೇನೆಂದು ಹಟ ಹಿಡಿದ ನಿರ್ದೇಶಕರಿಗೆ ಅವರಲ್ಲೊಬ್ಬನ ಮನೆಗೆ ಹೋಗಿ ಮಾತಾಡಿಸುವ ದಾರಿ ತಾನಾಗಿಯೇ ಮುಚ್ಚಿಹೋಯಿತು. ಗುಡ್ಸ್ ಕೂಡ ಇಲ್ಲಿ ಮೈಕುಗಳ ಎದುರಿಗೆ ಮಾತ್ರ ಮಾತಾಡುತ್ತಾರೆ.

ಅದೇ ವರ್ಷ ಬಂದ ಇನ್ನೊಂದು ಚಿತ್ರ, ಡೇನಿಯಲ್ ಗಾರ್ಡನ್ ನಿರ್ದೇಶನದ 'ದಿ ಆಸ್ಟ್ರೇಲಿಯನ್ ಡ್ರೀಮ್', ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಅದನ್ನು ಬರೆದವರು ಮೂಲನಿವಾಸಿ ಪತ್ರಕರ್ತ ಸ್ಟಾನ್ ಗ್ರಾಂಟ್. ಅಲ್ಲಿ ಗುಡ್ಸ್ ಕೂತು ತಮ್ಮ ಕತೆ ಹೇಳುತ್ತಾರೆ. ಬೋಲ್ಟ್ ಅವರಿಗೂ ಕುರ್ಚಿ ಕೊಟ್ಟು ಮಾತಾಡಿಸಿದ್ದಾರೆ. ಆದರೆ ಅದರ ಸಂಗೀತ, ಆಕಾಶದಿಂದ ತೆಗೆದ ನೆಲದ ದೃಶ್ಯಗಳು ನನಗೆ ಭಾರವೆನಿಸಿದವು. ಎರಡರಲ್ಲಿ ಒಂದನ್ನು ತರಗತಿಗೆ ಆರಿಸು ಎಂದರೆ ನಾನು ಡಾರ್ಲಿಂಗ್ ಅವರದನ್ನೇ ಆರಿಸುತ್ತೇನೆ, ತಕರಾರನ್ನು ಇಟ್ಟುಕೊಂಡೇ.

ಕಾರಣ, ಕ್ರೀಡೆಯಿಂದ ಎಲ್ಲ ಗಾಯವೂ ವಾಸಿಯಾಗುತ್ತದೆ ಎಂಬ ಸಪ್ತಾಹದ ಭಾಷಣಕ್ಕೆ ಅದು ಅಡ್ಡ ನಿಲ್ಲುತ್ತದೆ. ಆಟದ ಉಪಯೋಗ ಅಲ್ಲಗಳೆಯುವಂಥದ್ದಲ್ಲ. 2000ದಲ್ಲಿ ಪರ್ತ್ ನಗರದಲ್ಲಿ ಜೆರಾರ್ಡ್ ನೀಶಮ್ ಎಂಬ ಫುಟ್ಬಾಲ್ ಕೋಚು 25 ಹುಡುಗರಿಂದ ಶುರುಮಾಡಿದ ಕ್ಲಾಂಟಾರ್ಫ್ ಪ್ರತಿಷ್ಠಾನ, ಶಾಲೆ ಬಿಡುವ ಮೂಲನಿವಾಸಿ ಹುಡುಗರನ್ನು ಫುಟ್ಬಾಲಿನ ಆಸೆಯಿಂದ ತರಗತಿಯಲ್ಲಿ ಉಳಿಸುವ ಕೆಲಸವನ್ನು ದೇಶದ ಹಲವು ಕಡೆ ಹಬ್ಬಿಸಿದೆ. ತರಗತಿಗೆ ಬಂದರೆ ಮೈದಾನ ಎಂಬುದು ಕರಾರು. ಹುಡುಗರ ಪಾಲಿಗೆ ಇಷ್ಟು ಸಿಕ್ಕಿತು, ಹುಡುಗಿಯರ ಪಾಲಿಗೆ ಏಕಿಲ್ಲ ಎಂಬ ಪ್ರಶ್ನೆಯೂ ಅದರ ಜೊತೆಗೇ ಬಂದಿದೆ. ಆದರೆ ಗುಡ್ಸ್ ಶಾಲೆ ಬಿಟ್ಟ ಹುಡುಗನಲ್ಲ. ಆ ದೇಶ ಕೊಡಬಹುದಾದ ಪದಕಗಳನ್ನೆಲ್ಲ ಗೆದ್ದವರು. ಆಡುವವರೆಗೆ ಜನ ಅವರನ್ನು ಹೊತ್ತು ಮೆರೆಸಿದರು, ಮಾತಾಡಿದಾಗ ಕೂಗಿದರು.

2015ರ ಜುಲೈ ಕೊನೆಗೆ ಪರ್ತ್‌ನಲ್ಲಿ ಇಡೀ ಪಂದ್ಯ ಬೂ ಕೇಳಿದ ಮೇಲೆ ಅವರು ರಜೆ ಹಾಕಿ ಹೋದರು. ಮುಂದಿನ ವಾರ ಸಿಡ್ನಿಯಲ್ಲಿ ಅವರಿಲ್ಲದ ಪಂದ್ಯ. ಮೂರನೆಯ ಕಾಲುಭಾಗದ ಏಳನೆಯ ನಿಮಿಷಕ್ಕೆ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. 37 ಅವರ ಅಂಗಿಯ ನಂಬರು. ಅವರು ಮರಳಿ ಬಂದರು, ಸೆಪ್ಟೆಂಬರಿನಲ್ಲಿ ಆಟ ಬಿಟ್ಟರು. ನಿವೃತ್ತರಾದವರನ್ನು ಫೈನಲ್ ದಿನ ಮೈದಾನ ಸುತ್ತಿಸುವ ವಾಡಿಕೆಗೆ ಅವರು ಬರಲಿಲ್ಲ. 2019ರ ಜೂನಿನಲ್ಲಿ, ಈ ಚಿತ್ರ ತೆರೆ ಕಾಣುವ ಹೊತ್ತಿಗೆ, ಲೀಗೂ ಅದರ 18 ಕ್ಲಬ್ಬುಗಳೂ ಕ್ಷಮೆ ಕೇಳಿದವು. 2021ರಲ್ಲಿ ಕಾಲಿಂಗ್‌ವುಡ್ ಕ್ಲಬ್ಬಿನೊಳಗಿನ ಜನಾಂಗದ್ವೇಷದ ಬಗ್ಗೆ ವರದಿ ಹೊರಬಿದ್ದು ಮೆಗ್ವಾಯರ್ ಅಧ್ಯಕ್ಷಗಿರಿ ಬಿಟ್ಟರು. ಅದೇ ವರ್ಷ ಲೀಗು ತನ್ನ ಕೀರ್ತಿಶಾಲಿಗಳ ಪಟ್ಟಿಗೆ ಗುಡ್ಸ್‌ರನ್ನು ಕರೆಯಿತು. ಬೇಡ ಎಂದರು. ನಮ್ಮ ಠಾಣೆಯ ಅರ್ಥದಲ್ಲಿ ರಾಜಿಯಾಗಲು ಅವರು ಒಪ್ಪಲಿಲ್ಲ ಎಂದು ನಾನು ಓದಿಕೊಂಡೆ. 2019ರಲ್ಲಿ ಹದಿನಾಲ್ಕರ ವಯಸ್ಸಿನಲ್ಲಿ ಈ ಚಿತ್ರ ನೋಡಿದವರಿಗೆ 2023ರ ಅಕ್ಟೋಬರಿನಲ್ಲಿ ಮತದ ಹಕ್ಕು ಬಂದಿತ್ತು. ಮೂಲನಿವಾಸಿಗಳ ಮಾತನ್ನು ಸಂಸತ್ತಿಗೆ ಮುಟ್ಟಿಸುವ ಒಂದು ಸಂಸ್ಥೆ ಸಂವಿಧಾನದಲ್ಲಿ ಇರಲಿ ಎಂಬ ಪ್ರಸ್ತಾಪಕ್ಕೆ ಆ ದಿನ ಶೇ. 60ರಷ್ಟು ಜನ ಬೇಡವೆಂದರು.

ನಾನು ಮೇಷ್ಟ್ರಾಗಿದ್ದರೆ ಈ ಚಿತ್ರವನ್ನು ಒಂದು ಕಡೆ ನಿಲ್ಲಿಸುತ್ತಿದ್ದೆ. 2015ರ ಮೇ 29, ಮತ್ತೆ ಮೂಲನಿವಾಸಿಗಳ ಗೌರವದ ಸುತ್ತು. ಗೋಲು ಹೊಡೆದ ಗುಡ್ಸ್ ಎದುರಾಳಿ ಕಾರ್ಲ್‌ಟನ್ ಅಭಿಮಾನಿಗಳ ಕಡೆ ತಿರುಗಿ ಯುದ್ಧನೃತ್ಯದ ನಾಲ್ಕು ಹೆಜ್ಜೆ ಹಾಕಿ, ಇಲ್ಲದ ಈಟಿಯನ್ನು ಎಸೆದಂತೆ ಮಾಡುತ್ತಾರೆ. ದೊಡ್ಡವರ ಟೀವಿಯಲ್ಲಿ ದಿನಗಟ್ಟಲೆ ಗದ್ದಲ: ಇದು ಬೆದರಿಕೆ, ಇದು ಹಿಂಸೆ. ಆ ಹೆಜ್ಜೆಗಳನ್ನು ಗುಡ್ಸ್ ಕಲಿತದ್ದು ಮೂಲನಿವಾಸಿ ಹುಡುಗರ 'ಫ್ಲೈಯಿಂಗ್ ಬೂಮರಾಂಗ್ಸ್' ಎಂಬ ತಂಡದಿಂದ, ಹದಿನಾರರೊಳಗಿನ ಶಾಲಾ ವಯಸ್ಸಿನ ಆಟಗಾರರಿಂದ. ಆ ಗದ್ದಲವನ್ನು ಅವರೂ ತಮ್ಮ ತಮ್ಮ ಮನೆಗಳಲ್ಲಿ ಕೂತು ನೋಡುತ್ತಿದ್ದಿರಬೇಕು. ಅವರನ್ನು ಹುಡುಕಿ ಹೋಗಿ ಕೇಳಿದ ಚಿತ್ರ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.