ಬೀಟಾಕ್ಕೆ ಭೀಮಾ ತೀರದ ಪರೀಕ್ಷೆ

ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಜಗತ್ತಿನ ಹ್ಯಾಮ್ (ಹವ್ಯಾಸಿ) ರೇಡಿಯೊವನ್ನು ಆವರಿಸಿಕೊಂಡದ್ದು ಅದಿನ್ನೂ ಪರೀಕ್ಷೆಯ ಹಂತದಲ್ಲಿದ್ದಾಗಲೇ. 2017ರ ಜುಲೈಯಲ್ಲಿ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶದ 1.8.0 ಆವೃತ್ತಿಯ ಬೀಟಾದಲ್ಲಿ, ಅಂದರೆ ಪರೀಕ್ಷಾ ರೂಪದಲ್ಲಿ, ಅದು ಜನರ ಕೈಗೆ ಬಂತು. ಅಕ್ಟೋಬರಿನಲ್ಲಿ ಅಂತಿಮ ಆವೃತ್ತಿ ಬರುವ ಹೊತ್ತಿಗೆ ಬ್ಯಾಂಡುಗಳ ತುಂಬ ಅದೇ ಆಗಿತ್ತು. ರೂಪಿಸಿದವರು ಸ್ಟೀವ್ ಫ್ರಾಂಕೆ ಮತ್ತು 1993ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಜೋ ಟೇಲರ್. ಕಳಿಸಲು, ಕೇಳಲು 15 ಸೆಕೆಂಡಿನ ಒಂದೊಂದು ಸರದಿ, ಕೇವಲ 50 ಹರ್ಟ್ಸ್ ಅಗಲ. ಗದ್ದಲದಲ್ಲಿ ಹೂತುಹೋಗಿ ಕಿವಿಗೆ ಸಿಗದ ಸಂಕೇತವನ್ನೂ ಅದು ಓದಿ ತೋರಿಸುತ್ತದೆ. ಅಂಗೈಯಗಲದ ರಾಸ್‌ಬೆರಿ ಪೈ ಬೋರ್ಡಿನ ಮೇಲೂ ನಡೆಯುತ್ತದೆಂಬ ಕಾರಣಕ್ಕೆ ಲ್ಯಾಪ್‌ಟಾಪ್ ಕೊಳ್ಳಲಾಗದ ಹುಡುಗರಿಗೂ ಅದು ಎಟುಕಿತು.

ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂಡ ಬೀಟಾ ಬಿಡುವ ಕ್ರಮವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಪರೀಕ್ಷಾ ಆವೃತ್ತಿಗೆ ಕೊನೆಯ ದಿನಾಂಕ ಇರುತ್ತದೆ, ಆಮೇಲೆ ಅದು ಕೆಲಸ ನಿಲ್ಲಿಸುತ್ತದೆ. ಅರೆಬೆಂದ ಆವೃತ್ತಿ ವರ್ಷಗಟ್ಟಲೆ ಗಾಳಿಯಲ್ಲಿ ಉಳಿದು ಉಳಿದವರಿಗೆ ತೊಂದರೆ ಕೊಡುವುದಿಲ್ಲ. ಪರೀಕ್ಷಿಸಿದವರ ಮಾತಿಗೆ ಬೆಲೆಯೂ ಉಂಟು. 2019ರಲ್ಲಿ ಸ್ಪರ್ಧೆಗಳಿಗೆಂದು ಎಫ್‌ಟಿ4 ಬಂದಾಗ ಮೊದಲ ಬೀಟಾದಲ್ಲಿ ಒಂದು ಸರದಿ 6 ಸೆಕೆಂಡಿನದಾಗಿತ್ತು. ಅಣಕು ಸ್ಪರ್ಧೆಗಳನ್ನು ನಡೆಸಿ ನೋಡಿದರು, ಮುಂದಿನ ಬೀಟಾದಲ್ಲಿ ಅದನ್ನು 7.5 ಸೆಕೆಂಡಿಗೆ ಏರಿಸಿದರು. ಎದುರಿನವರ ಸಂದೇಶ ಓದಿ ಉತ್ತರ ಆಯ್ದುಕೊಳ್ಳಲು ಆಪರೇಟರ್‌ಗೆ ಉಸಿರಾಡುವಷ್ಟು ಸಮಯ ಸಿಕ್ಕಿತು. ಗುಂಡಿ ಸರಿಯಿಲ್ಲ, ಬಣ್ಣ ಸರಿಯಿಲ್ಲ ಎಂಬಲ್ಲಿಗೆ ನಿಲ್ಲದೆ, ವಿಧಾನದ ಬುನಾದಿಯನ್ನೇ ಬಳಕೆದಾರರ ಅನುಭವದಿಂದ ತಿದ್ದಿದ ಉದಾಹರಣೆ ಇದು.

ನನ್ನ ತಕರಾರು ಪರೀಕ್ಷೆ ನಡೆಯುವ ಜಾಗದ ಬಗ್ಗೆ. ಇಪ್ಪತ್ತನಾಲ್ಕು ತಾಸು ಕರೆಂಟು, ಕಡಿಯದ ಇಂಟರ್ನೆಟ್, ತಂಪಾದ ಕೋಣೆ ಇರುವಲ್ಲಿ ಪೈ ಬೋರ್ಡು ಎಡವುವುದು ಕಡಿಮೆ. ಅದೇ ಬೋರ್ಡನ್ನು ಜೇವರ್ಗಿ ತಾಲ್ಲೂಕಿನ ಕೊಳಕೂರದಂಥ ಊರಿಗೆ ತನ್ನಿ. ಪೇಟೆಯ ವಿದ್ಯುತ್ ಗದ್ದಲ ಇಲ್ಲದ್ದರಿಂದ ರಿಸೀವರ್‌ಗೆ ಹಳ್ಳಿ ಒಳ್ಳೆಯದೇ. ತಂತಿ ಕಟ್ಟಲು ಜಾಗಕ್ಕೆ ಬರವಿಲ್ಲ. ಆದರೆ ಎಲ್ಲಕ್ಕಿಂತ ಮೊದಲು ಕೈಕೊಡುವುದು ಗಡಿಯಾರ.

ಎಫ್‌ಟಿ8ರಲ್ಲಿ ಕಂಪ್ಯೂಟರಿನ ಸಮಯ ಒಂದು ಸೆಕೆಂಡಿನೊಳಗೆ ಸರಿಯಿರಬೇಕು. ಪೈ 4ರವರೆಗಿನ ಬೋರ್ಡುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವೇ ಇಲ್ಲ. ಪೈ 5ರಲ್ಲಿ ಇದೆ, ಬ್ಯಾಟರಿಯನ್ನು ಬೇರೆ ಕೊಳ್ಳಬೇಕು. ಇಂಟರ್ನೆಟ್ ಸಿಗದಿದ್ದರೆ ಪೈ ಏನು ಮಾಡುತ್ತದೆ? ಹಿಂದೆ ಕಡತದಲ್ಲಿ ಬರೆದಿಟ್ಟುಕೊಂಡ ಸಮಯವನ್ನೇ ಈಗಿನ ಸಮಯವೆಂದು ತಿಳಿದು ಶುರುವಾಗುತ್ತದೆ. ಮಧ್ಯಾಹ್ನ ಕರೆಂಟು ಹೋಗಿ ಸಂಜೆ ಬಂದರೆ ಪೈಗೆ ಇನ್ನೂ ಮಧ್ಯಾಹ್ನವೇ. ಪರದೆಯ ಮೇಲೆ ಸಂಕೇತಗಳ ಗೆರೆಗಳು ಚೆನ್ನಾಗಿಯೇ ಇಳಿಯುತ್ತಿರುತ್ತವೆ, ಪಕ್ಕದ ಪಟ್ಟಿಯಲ್ಲಿ ಒಂದು ಅಕ್ಷರವೂ ಮೂಡುವುದಿಲ್ಲ. ಹೊಸಬ ಆಂಟೆನಾ ಬಿಚ್ಚಿ ನೋಡುತ್ತಾನೆ, ಕೇಬಲ್ ಬದಲಿಸುತ್ತಾನೆ. ನಿಧಾನವಾಗಿ ಮುಂದೆ ಓಡುವ ಗಡಿಯಾರವಾದರೆ ಸುಳಿವಾದರೂ ಉಂಟು: ಸಮಯದ ಅಂತರ ತೋರಿಸುವ ಡಿಟಿ ಎಂಬ ಅಂಕಣದಲ್ಲಿ 0.2 ಇದ್ದದ್ದು 0.8 ಆಗುತ್ತದೆ, 1.5 ಆಗುತ್ತದೆ, ಬಂದವರ ಹೆಸರುಗಳು ಒಂದೊಂದಾಗಿ ಕಡಿಮೆಯಾಗಿ ಪಟ್ಟಿ ಬರಿದಾಗುತ್ತದೆ. ಬಂದ ಸಂಕೇತಗಳೆಲ್ಲ ಒಂದೇ ಕಡೆಗೆ ವಾಲಿವೆಯೆಂದರೆ ತಪ್ಪು ತನ್ನ ಗಡಿಯಾರದ್ದೆಂದು ತಂತ್ರಾಂಶ ತಾನೇ ಹೇಳಬಹುದು. ಜೋರ್ಡನ್ ಶೆರರ್ ಅವರ ಜೆಎಸ್8ಕಾಲ್ ಎಂಬ ತಂತ್ರಾಂಶ ಕೇಳಿಬಂದ ಸಂಕೇತಗಳಿಂದಲೇ ಸಮಯದ ಅಂತರ ಹೊಂದಿಸಿಕೊಳ್ಳಲು ಅವಕಾಶ ಕೊಡುತ್ತದೆ. ಕೆಲವು ನೂರು ರೂಪಾಯಿಯ ಡಿಎಸ್3231 ಗಡಿಯಾರದ ಚಿಪ್ಪೋ, ಒಂದು ಜಿಪಿಎಸ್ ಮಾಡ್ಯೂಲೋ ಇದ್ದರೂ ಕೆಲಸ ಆಗುತ್ತದೆ. ಆದರೆ ಇವು ಹಳ್ಳಿಯ ಸ್ಟೇಷನ್ನಿಗೆ ಅಗತ್ಯವೆಂದು ಬೀಟಾ ಪರೀಕ್ಷೆಯ ವರದಿಗಳಿಂದ ಗೊತ್ತಾಗಬೇಕಿತ್ತು.

ಇನ್ನು ಬಿಸಿಲು. ಏಪ್ರಿಲ್-ಮೇ ತಿಂಗಳ ಕಲಬುರಗಿ ಸೀಮೆಯಲ್ಲಿ ತಗಡಿನ ಚಾವಣಿಯ ಕೆಳಗೆ ಪೈ 80 ಡಿಗ್ರಿ ಮುಟ್ಟಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 2020ರ 2.2.0 ಆವೃತ್ತಿಯಿಂದ ಎಫ್‌ಟಿ8 ಒಂದೇ ಸರದಿಯನ್ನು 11.8, 13.5, 14.7ನೇ ಸೆಕೆಂಡುಗಳಲ್ಲಿ ಮೂರು ಸಲ ಓದುತ್ತದೆ. ಪೈ 3ರಂಥ ನಿಧಾನದ ಬೋರ್ಡಿಗೆ ಇದು ಭಾರ. ಕಾವಿಗೆ ಸೋತ ಬೋರ್ಡು ಓದಿ ಮುಗಿಸುವಷ್ಟರಲ್ಲಿ ಉತ್ತರ ಕೊಡುವ ಸರದಿ ಶುರುವಾಗಿರುತ್ತದೆ.

‘ಹೊಸ ಬೀಟಾ ಚೆನ್ನಾಗಿ ಓದುತ್ತದೆ’ ಎಂದಷ್ಟೇ ಹೇಳುವ ವರದಿಯನ್ನು ನಾನು ಒಪ್ಪುವುದಿಲ್ಲ. ನಿನ್ನೆಯ ಬ್ಯಾಂಡು ಇವತ್ತಿನದಲ್ಲ. ಸೂರ್ಯನ ಚಟುವಟಿಕೆ ಬದಲಾದರೆ ಹಳೆಯ ಆವೃತ್ತಿಯೂ ಚೆನ್ನಾಗಿಯೇ ಓದುತ್ತದೆ. ಸರದಿಗಳ ಧ್ವನಿಯನ್ನು ಕಡತವಾಗಿ ಉಳಿಸುವ ಸೌಲಭ್ಯ ತಂತ್ರಾಂಶದಲ್ಲೇ ಇದೆ. ಅದೇ ಕಡತವನ್ನು ಹಳೆಯದಕ್ಕೂ ಹೊಸದಕ್ಕೂ ಉಣಿಸಿ ಎಷ್ಟೆಷ್ಟು ಓದಿದವು ಎಂದು ಹೋಲಿಸುವುದೇ ಪರೀಕ್ಷೆ. ಒಂದು ಸರದಿಗೆ ಸುಮಾರು 360 ಕಿಲೋಬೈಟ್, ದಿನವಿಡೀ ಉಳಿಸಿದರೆ 2 ಜಿಬಿ. ಕರೆಂಟು ದಿಢೀರನೆ ಹೋಗುವ ಊರಲ್ಲಿ ಇಷ್ಟನ್ನು ಮೆಮೊರಿ ಕಾರ್ಡಿಗೆ ಬರೆಯುತ್ತಿದ್ದರೆ ಕಾರ್ಡೇ ಕೆಡುವ ಭಯವಿದೆ, ಪೆನ್‌ಡ್ರೈವ್ ಬಳಸುವುದು ಲೇಸು. ಈ ಪರೀಕ್ಷೆಗೆ ಪ್ರಸಾರ ಮಾಡಬೇಕಾಗಿಲ್ಲ. ಪ್ರಸಾರಕ್ಕಾದರೆ ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಪರವಾನಗಿ ಪಡೆಯಲೇಬೇಕು.

ಹ್ಯಾಮ್ ರೇಡಿಯೊ ವಿಪತ್ತಿನ ಸಂಗಾತಿ ಎನ್ನುವ ಮಾತಿದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಊರುಗಳಿಗೆ ನೀರು ನುಗ್ಗಿದ್ದನ್ನು ಕಂಡವರು ಆ ಮಾತನ್ನು ತೂಗಿ ನೋಡಬೇಕು. ಎಫ್‌ಟಿ8ರ ಸಂದೇಶ 77 ಬಿಟ್‌ಗಳದ್ದು. ಸ್ವಂತ ಮಾತು ಬರೆಯಹೊರಟರೆ 13 ರೋಮನ್ ಅಕ್ಷರಗಳಿಗೆ ಮುಗಿಯುತ್ತದೆ. ದೋಣಿ ಎಲ್ಲಿಗೆ ಬೇಕು, ಎಷ್ಟು ಮಂದಿ ಚಾವಣಿಯ ಮೇಲಿದ್ದಾರೆ ಎಂದು ಅದರಲ್ಲಿ ತಿಳಿಸಲಾಗದು. ಸಾಲುಸಾಲಾಗಿ ಬರೆಯಲು ಬರುವ ಜೆಎಸ್8ಕಾಲ್ ಆ ಕೆಲಸಕ್ಕೆ ಸರಿ. ನೆರೆಗೆ ನೆರವಾಗಲೆಂದು ಎಫ್‌ಟಿ8 ಕಲಿಸುವ ಶಿಬಿರಗಳು ಈ ಭೇದವನ್ನು ಮೊದಲ ದಿನವೇ ಹೇಳಬೇಕು.

ಕಲಬುರಗಿಯಲ್ಲಿ 1958ರಿಂದ ಪಿಡಿಎ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ಹುಡುಗರು ಒಂದು ಬೇಸಿಗೆ ಭೀಮಾ ತೀರದ ಹಳ್ಳಿಗಳಲ್ಲಿ ಬೋರ್ಡು ಇಟ್ಟು, ಬೋರ್ಡು ಯಾವುದು, ಕಾವು ಎಷ್ಟಿತ್ತು, ಸಮಯ ಎಲ್ಲಿಂದ ಬಂತು, ಕರೆಂಟು ಎಷ್ಟು ಸಲ ಹೋಯಿತು, ಡಿಟಿ ಎಷ್ಟಕ್ಕೆ ಜಾರಿತು ಎಂದು ಧ್ವನಿ ಕಡತದ ಜತೆ ಬರೆದು ಕಳಿಸಲಿ. ಮುಂದಿನ ಬೀಟಾ ಬರೆಯುವವರಿಗೆ ಬೇಕಾಗಿರುವ ವರದಿ ಅದು.