ಬೈಬಲಿನ ಸಸ್ಯೋದ್ಯಾನ: ನಿಘಂಟೋ, ವ್ಯಾಖ್ಯಾನವೋ?

ಪುಣ್ಯಕ್ಷೇತ್ರದಲ್ಲಿ ಗ್ರಂಥೋಕ್ತವಾದ ಗಿಡಮರಗಳನ್ನು ನೆಟ್ಟು ಯಾತ್ರಿಕರಿಗೆ ತೋರಿಸುವುದು ಒಂದು ಬಗೆಯ ವ್ಯಾಖ್ಯಾನವೇ ಸರಿ. ಮೂಲದಲ್ಲಿಲ್ಲದುದನ್ನು ಸೇರಿಸಬಾರದೆಂಬ ಮಲ್ಲಿನಾಥನ ನಿಯಮವು ಅಲ್ಲಿ ತೋಟಗಾರನಿಗೂ ಸಲ್ಲತಕ್ಕುದು. ಬೈಬಲಿನ ಸಸ್ಯೋದ್ಯಾನಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.

ಆದಿಕಾಂಡವು ನಿಷಿದ್ಧಫಲದ ಹೆಸರನ್ನು ಹೇಳಿಲ್ಲ. ಲ್ಯಾಟಿನಿನಲ್ಲಿ ಕೇಡಿಗೂ ಸೇಬಿಗೂ ಇರುವ ಪದಗಳ ಸಾದೃಶ್ಯವು ಸೇಬಿನ ಕಲ್ಪನೆಗೆ ಇಂಬುಕೊಟ್ಟಿತು. ಪಾಲೆಸ್ತೀನದ ಬೇಲಿಗಳಲ್ಲಿ ಇಂದು ಕಾಣುವ ಪಾಪಾಸುಕಳ್ಳಿಯಾದರೋ 1492ರ ತರುವಾಯ ಅಮೆರಿಕೆಯಿಂದ ಬಂದುದು. ಕ್ರಿಸ್ತನು ಅದನ್ನು ಕಂಡವನಲ್ಲ. ಇಂತಹವನ್ನು ನೆಡುವುದು ಪ್ರಕ್ಷೇಪವೇ ಹೊರತು ವ್ಯಾಖ್ಯಾನವಲ್ಲ.

ಹಾಗೆಂದು ಸತ್ಯಶೋಧನೆಯಿಂದ ಶ್ರದ್ಧೆಗೆ ಹಾನಿಯಿಲ್ಲ. ಜೆರುಸಲೇಮಿನ ಗೆತ್ಸೆಮನೆ ತೋಟದ ಎಂಟು ಆಲಿವ್ ಮರಗಳು ಕ್ರಿಸ್ತನ ಸಂಕಟಕ್ಕೆ ಸಾಕ್ಷಿಗಳೆಂದು ನಂಬಿದವರು ಬಹುಮಂದಿ. 2012ರಲ್ಲಿ ಇಟಲಿಯ ವಿಜ್ಞಾನಿಗಳು, ಕಾಲನಿರ್ಣಯ ಸಾಧ್ಯವಾದ ಮೂರು ಮರಗಳ ಕಾಂಡಗಳನ್ನು ಸುಮಾರು 1092, 1166, 1198ನೆಯ ಇಸವಿಗಳವೆಂದು ಗೊತ್ತುಮಾಡಿದರು. ಕ್ರಿ.ಶ. 70ರ ಮುತ್ತಿಗೆಯಲ್ಲಿ ರೋಮನ್ ಸೈನ್ಯವು ಊರ ಸುತ್ತಿನ ಮರಗಳನ್ನು ಕಡಿಯಿತೆಂದು ಜೋಸೆಫಸನು ಬರೆದಿರುವನಷ್ಟೆ. ಆದರೆ ಎಂಟೂ ಮರಗಳು ಒಂದೇ ತಾಯಿಮರದ ಸಂತಾನವೆಂಬುದೂ ಅದೇ ಪರೀಕ್ಷೆಯಿಂದ ತಿಳಿದುಬಂದಿತು. ಓಲೆ ಜೀರ್ಣವಾಗುವ ಮುನ್ನ ಪ್ರತಿಮಾಡಿಟ್ಟ ಲಿಪಿಕಾರನಂತೆ, ಯಾವನೋ ಭಕ್ತನು ಒಂದೇ ಮರದ ಕೊಂಬೆಗಳನ್ನು ನೆಟ್ಟು ಉಳಿಸಿರಬೇಕು. ಇದು ದಂತಕಥೆಗಿಂತ ಕಿರಿದಾದ ಮಹಿಮೆಯೇ?

ಇನ್ನು ರಚನಾಕ್ರಮ. ನೋಗಾ ಹರೂವೇನಿಯವರು ಇಸ್ರೇಲಿನಲ್ಲಿ ಸ್ಥಾಪಿಸಿದ, ಸುಮಾರು 625 ಎಕರೆಗಳ ನೆಓತ್ ಕೆದುಮೀಮ್ ಇದಕ್ಕೆ ಮೇಲ್ಪಂಕ್ತಿ. ಅಲ್ಲಿ ಗಿಡಗಳು ಹೆಸರುಪಟ್ಟಿಯ ಸಾಲಿನಲ್ಲಿ ನಿಂತಿಲ್ಲ. ನೀರಿನ ತೊಟ್ಟಿ, ಕಣ, ಎಣ್ಣೆಯ ಗಾಣಗಳೊಡನೆ ಬಾಳಿನ ಸಂದರ್ಭದಲ್ಲಿ ನಿಂತಿವೆ. ಸಂದರ್ಭವಿಲ್ಲದ ತೋಟವು ನಿಘಂಟು, ಸಂದರ್ಭವುಳ್ಳದ್ದು ವ್ಯಾಖ್ಯಾನ. ಯಾಜಕಕಾಂಡದಲ್ಲಿ ಕುಷ್ಠರೋಗಿಯ ಶುದ್ಧೀಕರಣಕ್ಕೆ ದೇವದಾರೂ ಬೇಕು, ಹಿಸ್ಸೋಪೂ ಬೇಕು. ಅಕಾರಾದಿಯಾಗಿ ನೆಟ್ಟರೆ ಎರಡೂ ಎರಡು ಮೂಲೆ ಸೇರುವುವು. ಒತ್ತಿನಲ್ಲಿ ನೆಟ್ಟರೆ, ಮುಗಿಲೆತ್ತರದ ಮರವೂ ಮೊಣಕಾಲೆತ್ತರದ ಪೊದೆಯೂ ಒಂದೇ ಕರ್ಮಕ್ಕೆ ಒದಗಿದ ಮರ್ಮವು ನೋಡಿದವನಿಗೆ ತಾನಾಗಿ ಹೊಳೆಯುವುದು. ಆ ಹಿಸ್ಸೋಪಾದರೂ ಯೂರೋಪಿನ ತೋಟಗಳದಲ್ಲ, ಸಿರಿಯಾ ಸೀಮೆಯ ಮರುಗದ ಜಾತಿಯದೆಂಬುದು ಅನೇಕ ವಿದ್ವಾಂಸರ ಮತ.

ಅಂದವಾದ ಹೂಗಳನ್ನಷ್ಟೇ ಆಯ್ದು ಮುಳ್ಳುಗಿಡಗಳನ್ನು ಬಿಡುವ ಉದ್ಯಾನವು ಮುಳ್ಳಿನ ಕಿರೀಟದ ಕಥೆಯನ್ನು ಹೇಳಲಾರದು. ಗುರುತು ಸಂದಿಗ್ಧವಾದೆಡೆ ಫಲಕದಲ್ಲಿ ಸಂದಿಗ್ಧವೆಂದೇ ಬರೆಯಲಿ. ಐದೇ ಗಿಡಗಳಾದರೂ ಮೂಲನಿಷ್ಠವಾಗಿದ್ದರೆ ಯಾತ್ರಿಕನು ಗ್ರಂಥವನ್ನು ಹೊಸ ಕಣ್ಣಿನಿಂದ ಓದುವನು. ಉದ್ಯಾನದ ಸಾರ್ಥಕ್ಯವೂ ಅದೇ.